ದೋಣಿಯಲ್ಲೊಂದು ಸ್ಥಾನ: ಮರದ ಕೆತ್ತನೆ, ಸಮುದಾಯ ಮತ್ತು ದೇವಕರೆ

ದೇವಕರೆಯ ಕುರಿತು ನಮ್ಮ ಗುರುಮಠಗಳಲ್ಲಿ ನಡೆಯುವ ಬೋಧನೆ ಸಾಮಾನ್ಯವಾಗಿ ವ್ಯಕ್ತಿಯ ಅಂತರಂಗದಿಂದ ಆರಂಭವಾಗುತ್ತದೆ. ಒಬ್ಬನು ಮೌನದಲ್ಲಿ ಕುಳಿತು, ತನ್ನ ಮನಸ್ಸಿನ ಚಲನೆಗಳನ್ನು ಪರೀಕ್ಷಿಸಿ, ದೇವರು ತನ್ನಿಂದ ಬಯಸುವುದೇನೆಂದು ಅರಿತುಕೊಳ್ಳುತ್ತಾನೆ. ಬಳಿಕ ಆ ಅರಿವಿಗೆ ತಕ್ಕ ಕಾರ್ಯಕ್ಷೇತ್ರವನ್ನು ಅರಸುತ್ತಾನೆ. ಈ ಕ್ರಮವನ್ನು ಸಂತರು ನಮಗೆ ಕಲಿಸಿದ್ದಾರೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಶುಭಸಂದೇಶದಲ್ಲಿ ಇನ್ನೊಂದು ಕ್ರಮವೂ ಕಾಣಸಿಗುತ್ತದೆ. ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯಲ್ಲಿ, ಸಂಜೆ ಐದರ ಹೊತ್ತಿಗೂ ಪೇಟೆಬೀದಿಯಲ್ಲಿ ಸುಮ್ಮನೆ ನಿಂತಿದ್ದವರನ್ನು ಯಜಮಾನನು ಕಾರಣ ಕೇಳುತ್ತಾನೆ. ತಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಎಂಬುದೇ ಅವರ ಉತ್ತರ (ಮತ್ತಾಯ 20:6-7). ಅವರು ಸೋಮಾರಿಗಳಾಗಿರಲಿಲ್ಲ, ತಮ್ಮ ಅಂತರಂಗವನ್ನು ಅರಿಯದವರೆಂದೂ ಸಾಮತಿ ಹೇಳುವುದಿಲ್ಲ. ಅವರಿಗಾಗಿ ಕಾದಿರುವ ಒಂದು ಸ್ಥಾನವನ್ನು ತೋರಿಸಿ ಕರೆಯುವವರು ಅದುವರೆಗೆ ಯಾರೂ ಇರಲಿಲ್ಲ, ಅಷ್ಟೆ.

ನಮ್ಮ ಧರ್ಮಕೇಂದ್ರಗಳ ಯುವಜನರಲ್ಲಿ ಅನೇಕರು ಇಂದು ನಿಂತಿರುವುದು ಈ ಪೇಟೆಬೀದಿಯಲ್ಲಿಯೇ. ತಮ್ಮ ಬದುಕಿನಿಂದ ಯಾರಿಗೆ ಏನು ಪ್ರಯೋಜನ ಎಂದು ಅವರು ಕೇಳುವಾಗ ನಾವು ಬೋಧನೆಯಿಂದ, ಧ್ಯಾನಕೂಟದಿಂದ, ಆಪ್ತಸಲಹೆಯಿಂದ ಉತ್ತರಿಸುತ್ತೇವೆ. ಈ ಉತ್ತರಗಳು ಅವಶ್ಯವೇ ಹೌದು. ಸಾಕಾಗುತ್ತವೆಯೇ ಎಂಬುದು ಪ್ರಶ್ನೆ. ಈ ಲೇಖನವು ಆ ಪ್ರಶ್ನೆಯನ್ನು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಮೂಲನಿವಾಸಿ ಜನಾಂಗಗಳ ಅನುಭವದ ಮೂಲಕ ಪರಿಶೀಲಿಸುತ್ತದೆ. ಕಳೆದ ನಾಲ್ಕು ದಶಕಗಳಲ್ಲಿ ಆ ಜನಾಂಗಗಳು ಒಂದೇ ಮರವನ್ನು ತೋಡಿ ದೋಣಿ ಮಾಡುವ ತಮ್ಮ ಪೂರ್ವಜರ ವಿದ್ಯೆಯನ್ನು ಮರಳಿ ಕಲಿತಿವೆ. ಆ ಕೆಲಸದಲ್ಲಿ ಅವರ ಅನೇಕ ಯುವಜನರು ಬದುಕಿನ ಗುರಿಯನ್ನು ಕಂಡುಕೊಂಡಿದ್ದಾರೆ. ಬದುಕಿನ ಗುರಿ ಎಂಬುದು ಇತರರಿಗೆ ಬೇಕಾದ ಒಂದು ಸಾಮೂಹಿಕ ಕಾರ್ಯದಲ್ಲಿ ನಮಗೆ ಕೊಡಲ್ಪಡುವ ಸ್ಥಾನವಾಗಿಯೂ ಬರುತ್ತದೆ ಎಂಬುದು ಇಲ್ಲಿಯ ಪ್ರತಿಪಾದನೆ. ಆ ಸ್ಥಾನವನ್ನು ಒಮ್ಮೆ ಕಸಿದುಕೊಂಡವರಲ್ಲಿ ಕ್ರೈಸ್ತಸಭೆಗಳೂ ಸೇರಿದ್ದವು. ಆದುದರಿಂದ ಈ ಅಧ್ಯಯನ ನಮಗೆ ಹೊರಗಿನವರ ಕುತೂಹಲವಾಗಿ ಉಳಿಯಲಾರದು.

1. ಮರದಿಂದ ದೋಣಿ: ಕೆಲಸದ ಸ್ವರೂಪ

ಕನ್ನಡದ ‘ದೋಣಿ’ ಎಂಬ ಪದಕ್ಕೆ ನೀರಿನ ಮೇಲೆ ಚಲಿಸುವ ವಾಹನವೆಂಬ ಅರ್ಥದ ಜೊತೆಗೆ, ದನಕರುಗಳಿಗೆ ನೀರುಣಿಸುವ ತೊಟ್ಟಿ ಎಂಬ ಅರ್ಥವೂ ಇದೆ. ಸಂಸ್ಕೃತದ ‘ದ್ರೋಣಿ’ಯೂ ಮರದ ತೊಟ್ಟಿಯನ್ನು ಸೂಚಿಸುತ್ತದೆ. ಮರದ ದಿಮ್ಮಿಯನ್ನು ತೋಡಿದಾಗ ಸಿಗುವ ಪೊಳ್ಳೇ ಮೊದಲ ದೋಣಿ ಎಂಬ ನೆನಪು ನಮ್ಮ ಭಾಷೆಯಲ್ಲಿಯೂ ಉಳಿದಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಹೈಡಾ, ಹೈಲ್ಟ್‌ಸುಕ್ ಮೊದಲಾದ ಜನಾಂಗಗಳೂ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕ್ವಿನೋಲ್ಟ್, ಸುಕ್ವಾಮಿಶ್ ಮೊದಲಾದ ಜನಾಂಗಗಳೂ ಈ ವಿದ್ಯೆಯನ್ನು ಸಮುದ್ರಯಾನಕ್ಕೆ ತಕ್ಕ ಪರಿಪೂರ್ಣತೆಗೆ ಏರಿಸಿದವು. ನ್ಯೂಯಾರ್ಕಿನ ನೈಸರ್ಗಿಕ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿರುವ, 19ನೆಯ ಶತಮಾನದ ಒಂದು ದೋಣಿ 63 ಅಡಿ ಉದ್ದವಿದೆ. ಅದು ಒಂದೇ ಮರದಿಂದ ಮಾಡಿದ್ದು.

ಇದಕ್ಕೆ ಬಳಸುವ ಮರ ಪಶ್ಚಿಮದ ಕೆಂಪು ಸೀಡರ್. ಶ್ರೀಗ್ರಂಥದಲ್ಲಿ ಬರುವ ಲೆಬನೋನಿನ ದೇವದಾರುವಿಗೂ ಇದಕ್ಕೂ ಹೆಸರಿನ ನಂಟಿದೆಯೇ ಹೊರತು ಸಸ್ಯಕುಲದ ನಂಟಿಲ್ಲ. ಇದು ಸೈಪ್ರೆಸ್ ಕುಟುಂಬಕ್ಕೆ ಸೇರಿದ ಮರ. ಇದರ ಎಳೆ ನೇರ, ತೂಕ ಕಡಿಮೆ. ಮರದೊಳಗಿನ ಸಹಜ ತೈಲಾಂಶದಿಂದ ಬೇಗ ಕೊಳೆಯದು. ಸಾವಿರ ವರ್ಷ ಬದುಕಿದ ಮರಗಳೂ ಉಂಟು. ಮರವನ್ನು ಕಡಿಯುವ ಮೊದಲು ಅದರ ಕಾಂಡದಲ್ಲಿ ಒಂದು ರಂಧ್ರವನ್ನು ಕೊರೆದು ತಿರುಳು ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸುವ ಪದ್ಧತಿ ಇತ್ತು. ತಿರುಳು ಕೊಳೆತಿದ್ದರೆ ಮರವನ್ನು ಹಾಗೆಯೇ ಬಿಡುತ್ತಿದ್ದರು. ಹೀಗೆ ಪರೀಕ್ಷೆಗೊಳಗಾಗಿ ಉಳಿದ ಮರಗಳು ಆ ಅರಣ್ಯಗಳಲ್ಲಿ ಇಂದಿಗೂ ಜೀವಂತವಾಗಿ ನಿಂತಿವೆ. ಕಡಿಯಲು ನಿಶ್ಚಯಿಸಿದ ಮರಕ್ಕೆ ಮೊದಲು ಪ್ರಾರ್ಥನೆಯೊಡನೆ ಕೃತಜ್ಞತೆ ಸಲ್ಲಿಸುತ್ತಾರೆ.

ಬಿದ್ದ ಮರವನ್ನು ಕೊಡಲಿ, ಬೆಣೆ, ಬಾಚಿಗಳಿಂದ ಮೊದಲು ಹೊರಮೈಗೆ ರೂಪಿಸುತ್ತಾರೆ. ಬಳಿಕ ಹೊರಮೈಯಿಂದ ಅಲ್ಲಲ್ಲಿ ರಂಧ್ರ ಕೊರೆದು, ದೋಣಿಯ ಗೋಡೆ ಎಷ್ಟು ದಪ್ಪವಿರಬೇಕೋ ಅಷ್ಟೇ ಉದ್ದದ, ಬಣ್ಣ ಹಚ್ಚಿದ ಅಥವಾ ಸುಟ್ಟು ಕಪ್ಪಾಗಿಸಿದ ಕಡ್ಡಿಗಳನ್ನು ಅವುಗಳಲ್ಲಿ ತುಂಬುತ್ತಾರೆ. ಒಳಗಿನಿಂದ ತೋಡುವವನು ಕಡ್ಡಿಯ ತುದಿ ಕಂಡೊಡನೆ ಕೈ ನಿಲ್ಲಿಸಬೇಕು. ಎಲ್ಲಿ ನಿಲ್ಲಬೇಕೆಂಬುದನ್ನು ಮೊದಲೇ ಗುರುತಿಸಿಕೊಟ್ಟವರು ಹಿರಿಯರು. ಆ ಗುರುತನ್ನು ನಂಬಿ ಹೊಡೆಯುವವರು ಕಿರಿಯರು. ಅನುಭವವಿಲ್ಲದ ಹುಡುಗನೂ ಹೀಗೆ ನೂರಾರು ವರ್ಷ ಬೆಳೆದ ಮರದ ಮೇಲೆ ಕೈಯಾಡಿಸಬಲ್ಲನು.

ಕೆಲಸದ ಅತ್ಯಂತ ಸೂಕ್ಷ್ಮ ಘಟ್ಟ ಹಬೆಯಾಡಿಸುವುದು. ತೋಡಿದ ದಿಮ್ಮಿಯಲ್ಲಿ ನೀರು ತುಂಬಿ, ಕೆಂಡದಂತೆ ಕಾದ ಕಲ್ಲುಗಳನ್ನು ಅದರಲ್ಲಿ ಹಾಕುತ್ತಾರೆ; ಮೇಲೆ ಚಾಪೆ ಅಥವಾ ಟಾರ್ಪಾಲು ಹೊದಿಸುತ್ತಾರೆ. ಕುದಿಯುವ ನೀರಿನ ಹಬೆಗೆ ಮರ ಮೆತ್ತಗಾಗುತ್ತದೆ. ಆಗ ಪಕ್ಕದ ಗೋಡೆಗಳನ್ನು ನಿಧಾನವಾಗಿ ಹೊರಕ್ಕೆ ಬಾಗಿಸುತ್ತ, ಒಂದಕ್ಕಿಂತ ಒಂದು ಉದ್ದವಾದ ಅಡ್ಡಪಟ್ಟಿಗಳನ್ನು ನಡುವೆ ಕೂರಿಸುತ್ತ ಹೋಗುತ್ತಾರೆ. ಮಧ್ಯಭಾಗ ಅಗಲವಾದಂತೆ ಎರಡೂ ತುದಿಗಳು ಮೇಲೇಳುತ್ತವೆ. ಕೊನೆಗೆ ದೋಣಿಯು ತಾನು ಹುಟ್ಟಿದ ಮರದ ವ್ಯಾಸಕ್ಕಿಂತ ಅಗಲವಾಗುತ್ತದೆ. ಅವಸರಪಟ್ಟರೆ ಸೀಳುತ್ತದೆ, ತಡಮಾಡಿದರೆ ತಣಿದು ಬಿಗಿಯಾಗುತ್ತದೆ. ಕಲ್ಲು ಕಾಯಿಸುವವರು, ಹೊತ್ತು ತರುವವರು, ನೀರು ಹೊಯ್ಯುವವರು, ಹೊದಿಕೆ ಹಿಡಿಯುವವರು, ಅಳತೆ ನೋಡುವವರು ಎಲ್ಲರೂ ಅದೇ ಹೊತ್ತಿನಲ್ಲಿ ಸಿದ್ಧರಿರಬೇಕು. ಎಷ್ಟೇ ನಿಪುಣನಾದರೂ ಒಬ್ಬನೇ ಈ ಕೆಲಸವನ್ನು ಮಾಡಲಾರನು. ಮರದ ಸ್ವಭಾವವೇ ಇಲ್ಲಿ ಸಮುದಾಯವನ್ನು ಬೇಡುತ್ತದೆ.

2. ಕಡಿದುಹೋದ ಎಳೆ

ಈ ವಿದ್ಯೆ ತಾನಾಗಿಯೇ ಮರೆತುಹೋದುದಲ್ಲ. 1862ರಲ್ಲಿ ಆ ಕರಾವಳಿಯಲ್ಲಿ ಹರಡಿದ ಸಿಡುಬು ಹಳ್ಳಿಗಳನ್ನೇ ಬರಿದು ಮಾಡಿತು. ಸಾವಿರಾರು ಸಂಖ್ಯೆಯಲ್ಲಿದ್ದ ಹೈಡಾ ಜನ 20ನೆಯ ಶತಮಾನದ ಆರಂಭಕ್ಕೆ ಸುಮಾರು 600ಕ್ಕೆ ಇಳಿದರು. ಬಲ್ಲವರು ಕಲಿಸುವ ಮೊದಲೇ ಸತ್ತರು. ಇದರ ಬೆನ್ನಿಗೇ ಕಾನೂನು ಬಂದಿತು. ‘ಪಾಟ್‌ಲ್ಯಾಚ್’ ಎಂಬುದು ಆ ಜನಾಂಗಗಳ ಸಾಮೂಹಿಕ ಔತಣ. ಹೆಸರಿಡುವುದು, ವಿವಾಹ, ಉತ್ತರಕ್ರಿಯೆ, ಹಕ್ಕುಗಳ ಹಸ್ತಾಂತರ ಎಲ್ಲವೂ ನೆರೆದ ಅತಿಥಿಗಳ ಸಾಕ್ಷಿಯಲ್ಲಿ, ದಾನದ ಮೂಲಕ ಅಲ್ಲಿ ನಡೆಯುತ್ತಿದ್ದವು. ಅತಿಥಿಗಳು ಬರುತ್ತಿದ್ದುದು ದೋಣಿಗಳಲ್ಲಿ. ಕೆನಡಾ ಸರ್ಕಾರವು 1885ರಿಂದ 1951ರವರೆಗೆ ಪಾಟ್‌ಲ್ಯಾಚನ್ನು ಅಪರಾಧವೆಂದು ನಿಷೇಧಿಸಿತ್ತು. ಈ ನಿಷೇಧಕ್ಕಾಗಿ ಒತ್ತಾಯಿಸಿದವರಲ್ಲಿ ಕ್ರೈಸ್ತ ಧರ್ಮಪ್ರಚಾರಕರು ಮುಂಚೂಣಿಯಲ್ಲಿದ್ದರು.

ಇದರೊಡನೆ ವಸತಿ ಶಾಲೆಗಳು ಸೇರಿಕೊಂಡವು. ಕೆನಡಾದಲ್ಲಿ 150,000ಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳು ಸರ್ಕಾರದ ಹಣದಿಂದ ಕ್ರೈಸ್ತಸಭೆಗಳು ನಡೆಸುತ್ತಿದ್ದ ಈ ಶಾಲೆಗಳಿಗೆ ಸೇರಿಸಲ್ಪಟ್ಟರು. ಕಥೋಲಿಕ ಸಂಸ್ಥೆಗಳ ಪಾಲು ಅದರಲ್ಲಿ ದೊಡ್ಡದು. ತಾಯಿನುಡಿಯನ್ನಾಡಿದರೆ ಶಿಕ್ಷೆ, ಅಜ್ಜ ಅಜ್ಜಿಯರೊಡನೆ ಕುಳಿತು ಕಲಿಯಬೇಕಾದ ವಯಸ್ಸಿನಲ್ಲಿ ಅವರಿಂದ ದೂರ. 2015ರಲ್ಲಿ ತನ್ನ ಅಂತಿಮ ವರದಿ ನೀಡಿದ ಸತ್ಯ ಮತ್ತು ಸಂಧಾನ ಆಯೋಗವು ಈ ನೀತಿಯನ್ನು ಸಾಂಸ್ಕೃತಿಕ ನರಮೇಧವೆಂದು ಕರೆಯಿತು.

ದೈವಶಾಸ್ತ್ರದ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದುದು ಒಂದಿದೆ. ಹಬೆಯಾಡಿಸುವ ದಿನ ಕಲ್ಲು ಹೊರುವ ಹುಡುಗನಿಗೆ ತಾನು ಯಾರೆಂಬ ಪ್ರಶ್ನೆಗೆ ಉತ್ತರ ಅವನ ಕೈಯಲ್ಲಿಯೇ ಇತ್ತು. ದೋಣಿಯನ್ನೂ ಔತಣವನ್ನೂ ಭಾಷೆಯನ್ನೂ ತೆಗೆದ ಮೇಲೆ ಆ ಪ್ರಶ್ನೆ ಮಾತ್ರ ಉಳಿಯಿತು. ಮುಂದಿನ ತಲೆಮಾರುಗಳಲ್ಲಿ ಕಂಡ ಮದ್ಯವ್ಯಸನ, ಹತಾಶೆ, ಆತ್ಮಹತ್ಯೆಗಳನ್ನು ವೈಯಕ್ತಿಕ ದೌರ್ಬಲ್ಯವೆಂದಷ್ಟೇ ಓದುವುದು ಸತ್ಯಕ್ಕೆ ದೂರವಾದ ಓದು. ಅವರ ಪೇಟೆಬೀದಿಯನ್ನು ನಿರ್ಮಿಸಿದವರು ಬೇರೆಯವರು.

3. ಮರಳಿ ನೀರಿಗಿಳಿದ ದೋಣಿಗಳು

ಬಿಲ್ ರೀಡ್ (1920-1998) ಅವರ ತಾಯಿ ಹೈಡಾ ಜನಾಂಗದವರು, ವಸತಿ ಶಾಲೆಯಲ್ಲಿ ಓದಿದವರು. ಮಗನ ಬಾಲ್ಯದಲ್ಲಿ ಮನೆಯಲ್ಲಿ ಆ ಪರಂಪರೆಯ ಮಾತು ಹೆಚ್ಚು ಬರುತ್ತಿರಲಿಲ್ಲ. ಆಕಾಶವಾಣಿಯ ಉದ್ಘೋಷಕರಾಗಿದ್ದ ರೀಡ್ ಬೆಳೆದ ಮೇಲೆ ತಾಯಿಯ ಜನರ ಕಲೆಯತ್ತ ಹೊರಳಿ, ಕಾಲಾಂತರದಲ್ಲಿ ಅದರ ಪ್ರಮುಖ ಕಲಾವಿದರಾದರು. ದೊಡ್ಡ ದೋಣಿಯನ್ನು ಕೆತ್ತುವ ಕ್ರಮವನ್ನು ತಿಳಿಯಲು ಅವರು ವಸ್ತುಸಂಗ್ರಹಾಲಯಗಳಲ್ಲಿದ್ದ ಹಳೆಯ ದೋಣಿಗಳನ್ನು ಅಭ್ಯಸಿಸಬೇಕಾಯಿತು. ವ್ಯಾಂಕೂವರಿನಲ್ಲಿ ನಡೆದ 1986ರ ವಿಶ್ವಪ್ರದರ್ಶನಕ್ಕಾಗಿ ಅವರು ಸ್ಕಿಡಗೇಟ್ ಹಳ್ಳಿಯ ಹೈಡಾ ಕೆತ್ತನೆಗಾರರೊಡನೆ ಸೇರಿ ಸುಮಾರು 15 ಮೀಟರ್ ಉದ್ದದ ದೋಣಿಯನ್ನು ಸಿದ್ಧಪಡಿಸಿದರು. ಅದರ ಹೆಸರು ‘ಲೂ ಟಾಸ್’, ಅಂದರೆ ಅಲೆಗಳನ್ನು ನುಂಗುವವಳು. 1987ರಲ್ಲಿ ಹೈಡಾ ಜನರು ಅದನ್ನು ವ್ಯಾಂಕೂವರಿನಿಂದ ತಮ್ಮ ದ್ವೀಪಗಳಿಗೆ ಹುಟ್ಟುಹಾಕಿ ಕೊಂಡೊಯ್ದರು. 1998ರಲ್ಲಿ ರೀಡ್ ತೀರಿಕೊಂಡಾಗ ಅವರ ಚಿತಾಭಸ್ಮವನ್ನು ತಾಯಿಯ ಕಡೆಯ ಪೂರ್ವಜರ ಹಳ್ಳಿಯಾದ ತಾನೂವಿಗೆ ಸಾಗಿಸಿದ್ದೂ ಅದೇ ದೋಣಿ.

ಹೈಲ್ಟ್‌ಸುಕ್ ಜನಾಂಗದ ಫ್ರಾಂಕ್ ಬ್ರೌನ್ ಅವರ ಬದುಕು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಹದಿಹರೆಯದಲ್ಲಿ ಅವರು ಕಾನೂನಿನ ಕೈಗೆ ಸಿಕ್ಕಿದ್ದರು. ಸೆರೆಯ ಬದಲಿಗೆ, ತಮ್ಮ ಜನಾಂಗದ ಹಳೆಯ ಪದ್ಧತಿಯಂತೆ ಅವನನ್ನು ಒಂದು ದ್ವೀಪದಲ್ಲಿ ಏಕಾಂತದಲ್ಲಿರಿಸಲು ಬಿಡಬೇಕೆಂದು ಬಂಧುಗಳು ಕೇಳಿಕೊಂಡರು, ನ್ಯಾಯಾಲಯ ಒಪ್ಪಿತು. ಈ ಸಂಗತಿಯನ್ನು ಬ್ರೌನ್ ಅವರೇ ಬಹಿರಂಗವಾಗಿ ಹಂಚಿಕೊಂಡಿದ್ದಾರೆ. ಅದರ ಬಗ್ಗೆ ಸಾಕ್ಷ್ಯಚಿತ್ರವೂ ಬಂದಿದೆ. ತಿಂಗಳುಗಟ್ಟಲೆ ಏಕಾಂತದಲ್ಲಿದ್ದು ಮರಳಿದ ಆ ಹುಡುಗ ಮುಂದೆ ‘ಗ್ಲ್ವಾ’ ಎಂಬ ಸಾಗರದೋಣಿಯ ನಿರ್ಮಾಣಕ್ಕೆ ಮುಂದಾಳಾದನು. 1986ರಲ್ಲಿ ಆ ದೋಣಿ ಬೆಲ್ಲಾ ಬೆಲ್ಲಾದಿಂದ ವ್ಯಾಂಕೂವರಿಗೆ ಸಾಗಿತು. ಲೇಖನದ ಆರಂಭದಲ್ಲಿ ಹೇಳಿದ ಎರಡು ಕ್ರಮಗಳೂ ಇಲ್ಲಿ ಕೂಡಿವೆ: ಏಕಾಂತವೂ ಇದೆ, ಮರಳಿ ಬಂದಾಗ ಸಮುದಾಯದೊಡನೆ ಮಾಡಬೇಕಾದ ಕೆಲಸವೂ ಇದೆ. ಎರಡನೆಯದು ಇಲ್ಲದಿದ್ದರೆ ಮೊದಲನೆಯದು ಶಿಕ್ಷೆಯಾಗಿಯೇ ಉಳಿಯಬಹುದಿತ್ತು.

1989ರಲ್ಲಿ ವಾಷಿಂಗ್ಟನ್ ರಾಜ್ಯದ ಶತಮಾನೋತ್ಸವದ ಸಂದರ್ಭದಲ್ಲಿ ಕ್ವಿನೋಲ್ಟ್ ಜನಾಂಗದ ಶಿಕ್ಷಣತಜ್ಞ ಎಮ್ಮೆಟ್ ಆಲಿವರ್ ಅವರು ಸಿಯಾಟಲ್ ನಗರಕ್ಕೆ ಒಂದು ದೋಣಿಯಾನವನ್ನು ಸಂಘಟಿಸಿದರು. ಅದಕ್ಕಾಗಿ ಅನೇಕ ಬುಡಕಟ್ಟುಗಳು ತಲೆಮಾರುಗಳ ಬಳಿಕ ಮತ್ತೆ ಬಾಚಿ ಹಿಡಿದವು. ಅಲ್ಲಿಗೆ ಬಂದಿದ್ದ ಬ್ರೌನ್ ಎಲ್ಲರನ್ನೂ ತಮ್ಮೂರಿಗೆ ಆಹ್ವಾನಿಸಿದರು. 1993ರಲ್ಲಿ ಬೆಲ್ಲಾ ಬೆಲ್ಲಾದಲ್ಲಿ ನಡೆದ ಆ ಸಮಾವೇಶಕ್ಕೆ, ಜನರೆಲ್ಲರೂ ಒಂದೆಡೆ ಸೇರುವುದು ಎಂಬ ಅರ್ಥದ ‘ಕಾತುವಾಸ್’ ಎಂಬ ಹೆಸರು. ಅನಂತರದ ವರ್ಷಗಳಲ್ಲಿ ಈ ಯಾನ ಬೇಸಿಗೆಯ ವಾರ್ಷಿಕ ಸಂಪ್ರದಾಯವಾಯಿತು. ಕೋವಿಡ್ ಕಾಲದಲ್ಲಿ ನಿಂತು 2023ರಲ್ಲಿ ಪುನಃ ಆರಂಭವಾಯಿತು. ಕೆಲವು ವರ್ಷ ನೂರರಷ್ಟು ದೋಣಿಗಳು ಕೂಡುವುದುಂಟು. ದಾರಿಯುದ್ದಕ್ಕೂ ಮದ್ಯ ಹಾಗೂ ಮಾದಕವಸ್ತುಗಳು ವರ್ಜ್ಯ.

ಪ್ರತಿ ದೋಣಿಗೂ ಒಂದು ‘ದೋಣಿ ಕುಟುಂಬ’ವಿರುತ್ತದೆ. ಹುಟ್ಟುಹಾಕುವವರಷ್ಟೇ ಅಲ್ಲ, ಅಡುಗೆ ಮಾಡುವವರು, ದಡದಲ್ಲಿ ಡೇರೆ ಹಾಕುವವರು, ಹಾಡು ಕಲಿಸುವ ಹಿರಿಯರು, ಮಕ್ಕಳು ಎಲ್ಲರೂ ಅದರ ಸದಸ್ಯರೇ. ದೋಣಿಗೆ ಹೆಸರಿದೆ, ಅದನ್ನು ಜೀವಂತ ಬಂಧುವಿನಂತೆ ಗೌರವಿಸುತ್ತಾರೆ. ಇನ್ನೊಂದು ಜನಾಂಗದ ದಡವನ್ನು ಸಮೀಪಿಸಿದಾಗ ದೋಣಿ ನೇರವಾಗಿ ನುಗ್ಗುವುದಿಲ್ಲ. ನೀರಿನ ಮೇಲೆಯೇ ನಿಂತು, ತಾವು ಯಾರು, ಎಲ್ಲಿಂದ ಬಂದೆವು ಎಂದು ಹೇಳಿ, ಇಳಿಯಲು ಅಪ್ಪಣೆ ಕೇಳುತ್ತಾರೆ. ದಡದಲ್ಲಿರುವವರು ಸ್ವಾಗತಿಸಿದ ಮೇಲೆಯೇ ಇಳಿಯುವುದು.

ಸುಕ್ವಾಮಿಶ್ ಮತ್ತು ಪೋರ್ಟ್ ಗ್ಯಾಂಬಲ್ ಸ್‌ಕ್ಲಾಲಮ್ ಜನಾಂಗಗಳು ವಾಷಿಂಗ್ಟನ್ ವಿಶ್ವವಿದ್ಯಾಲಯದೊಡನೆ ಸೇರಿ ರೂಪಿಸಿದ ಯುವಜನ ಕಾರ್ಯಕ್ರಮವೊಂದು ಈ ಯಾನವನ್ನೇ ಪಾಠಕ್ರಮವನ್ನಾಗಿ ಮಾಡಿಕೊಂಡಿದೆ. ವ್ಯಸನವನ್ನು ತಡೆಯುವುದು ಅದರ ಉದ್ದೇಶ. ಸಿದ್ಧತೆ, ಪ್ರಯಾಣ, ಬಿರುಗಾಳಿ, ದಡ ಸೇರುವುದು ಎಂಬ ಹಂತಗಳ ಮೂಲಕ ಹದಿಹರೆಯದವರು ಬದುಕಿನ ಕೌಶಲಗಳನ್ನು ಕಲಿಯುತ್ತಾರೆ. ಯುವಜನರ ವ್ಯಸನವನ್ನೂ ಅವರು ತಮ್ಮ ಸಂಸ್ಕೃತಿಗೆ ಸೇರಿದವರೆಂಬ ಭಾವನೆಯ ಕೊರತೆಯನ್ನೂ ಸಮುದಾಯವೇ ಮೊದಲು ಒಟ್ಟಾಗಿ ಗುರುತಿಸಿತು ಎಂಬುದು ಗಮನಾರ್ಹ.

4. ಶ್ರೀಗ್ರಂಥದಲ್ಲಿ ಮರ ಮತ್ತು ಕೈಗೆಲಸ

ಜ್ಞಾನಗ್ರಂಥದ 13 ಮತ್ತು 14ನೆಯ ಅಧ್ಯಾಯಗಳನ್ನು ಈ ಹಿನ್ನೆಲೆಯಲ್ಲಿ ಓದಬಹುದು. 13:11-19ರಲ್ಲಿ ಮರಗೆಲಸದವನೊಬ್ಬನು ಕೆಲಸಕ್ಕೆ ಬಾರದ ತುಂಡೊಂದನ್ನು ಕೆತ್ತಿ, ಬಣ್ಣ ಬಳಿದು, ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿ ಅದಕ್ಕೇ ಬೇಡಿಕೊಳ್ಳುವ ವ್ಯಂಗ್ಯಚಿತ್ರವಿದೆ. ಕೆತ್ತಿದ ಸೀಡರ್ ಕಂಬಗಳನ್ನು ಕಂಡ ಅನೇಕ ಧರ್ಮಪ್ರಚಾರಕರು ಅವುಗಳನ್ನು ನೋಡಿದ್ದು ಇಂತಹ ಕಣ್ಣಿನಿಂದಲೇ. ವಾಸ್ತವದಲ್ಲಿ ಆ ಕಂಬಗಳು ಕುಲಗಳ ಲಾಂಛನ ಹಾಗೂ ಚರಿತ್ರೆಗಳನ್ನು ಹೊತ್ತು ನಿಂತವು; ಜನರು ಅವುಗಳನ್ನು ಪೂಜಿಸುತ್ತಿರಲಿಲ್ಲ. ಜ್ಞಾನಗ್ರಂಥವಾದರೋ ಅಲ್ಲಿಗೇ ನಿಲ್ಲುವುದಿಲ್ಲ. 14:1-7ರಲ್ಲಿ ಅದೇ ಮರ ಹಡಗಾಗುತ್ತದೆ. ಲಾಭದ ಬಯಕೆ ಹಡಗನ್ನು ಯೋಜಿಸಿದರೂ ಅದನ್ನು ಕಟ್ಟಿದ್ದು ಜ್ಞಾನವೆಂಬ ಶಿಲ್ಪಿ, ಅದನ್ನು ನಡೆಸುವುದು ಪಿತನ ಪಾಲನೆ ಎಂದು ಗ್ರಂಥಕರ್ತನು ಹೇಳುತ್ತಾನೆ. ನೀತಿಯನ್ನು ಸಾಧಿಸಿದ ಮರವನ್ನು ಅವನು ಧನ್ಯವೆನ್ನುತ್ತಾನೆ. ನೋವನ ನಾವೆಯನ್ನು ಕುರಿತ ಈ ಮಾತಿನಲ್ಲಿ ಕ್ರೈಸ್ತ ಪರಂಪರೆ ಶಿಲುಬೆಯ ಮುನ್ಸೂಚನೆಯನ್ನೂ ಕಂಡಿದೆ. ಹೀಗೆ ಕೆತ್ತಿದ ಮರದ ಬಗ್ಗೆ ಶ್ರೀಗ್ರಂಥದ ತೀರ್ಪು ಏಕಮುಖವಾದುದಲ್ಲ. ವಿವೇಚನೆ ಅಗತ್ಯ, ಆ ವಿವೇಚನೆಗೆ ಮೊದಲು ಜನರನ್ನು ಕೇಳಿ ತಿಳಿಯುವುದೂ ಅಗತ್ಯ.

ಇದೇ ಭಾಗದ 5ನೆಯ ವಚನದಲ್ಲಿ, ದೇವರ ಜ್ಞಾನದ ಕಾರ್ಯಗಳು ನಿಷ್ಫಲವಾಗಿ ಸುಮ್ಮನೆ ಬಿದ್ದಿರಬಾರದೆಂಬುದು ದೇವರ ಇಚ್ಛೆ, ಆದುದರಿಂದಲೇ ಮನುಷ್ಯರು ಚಿಕ್ಕದೊಂದು ಮರದ ತುಂಡನ್ನು ನಂಬಿ ಸಮುದ್ರ ದಾಟುತ್ತಾರೆ ಎಂಬ ಅರ್ಥ ಬರುತ್ತದೆ. ಮೂಲದಲ್ಲಿ ಇಲ್ಲಿ ಬಳಕೆಯಾಗಿರುವುದು ‘ಆರ್ಗೊಸ್’ ಎಂಬ ಗ್ರೀಕ್ ವಿಶೇಷಣದ ರೂಪ. ಕೆಲಸವಿಲ್ಲದ, ಸುಮ್ಮನಿರುವ ಎಂದು ಅದರ ಅರ್ಥ. ಸಂತ ಮತ್ತಾಯನು ಪೇಟೆಬೀದಿಯಲ್ಲಿ ನಿಂತಿದ್ದ ಕೂಲಿಯಾಳುಗಳನ್ನು ವರ್ಣಿಸಲು ಬಳಸಿದ ಪದವೂ ಇದೇ. ಎರಡು ಗ್ರಂಥಗಳ ನಡುವೆ ನೇರ ಸಂಬಂಧವನ್ನು ಸ್ಥಾಪಿಸುವ ಅಗತ್ಯವಿಲ್ಲ. ಒಟ್ಟಿಗೆ ಓದಿದಾಗ ಒಂದು ದಿಕ್ಕು ಕಾಣುತ್ತದೆ. ಸೃಷ್ಟಿಯು ಸುಮ್ಮನೆ ಬಿದ್ದಿರುವುದನ್ನು ಬಯಸದ ದೇವರೇ, ಮನುಷ್ಯರು ಸುಮ್ಮನೆ ನಿಂತಿರುವುದನ್ನು ಸಹಿಸದೆ ಸಂಜೆಯ ಹೊತ್ತಿಗೂ ಬೀದಿಗೆ ಬರುತ್ತಾರೆ. ಮರಕ್ಕೆ ಕಾರ್ಯ ದೊರೆಯುವುದೂ ಯುವಕನಿಗೆ ಸ್ಥಾನ ದೊರೆಯುವುದೂ ಒಂದೇ ದೈವಪಾಲನೆಯ ಎರಡು ಮುಖಗಳು.

ವಿಮೋಚನಾಕಾಂಡದ ಬೆಚಲೇಲನ ವೃತ್ತಾಂತ ಇದಕ್ಕೆ ಬಲ ಕೊಡುತ್ತದೆ (31:1-6, 35:30-35). ದೇವರು ಅವನನ್ನು ಹೆಸರು ಹಿಡಿದು ಕರೆಯುತ್ತಾರೆ. ತಮ್ಮ ಆತ್ಮದಿಂದ ತುಂಬುತ್ತಾರೆ. ಆ ಆತ್ಮದ ವರ ಪ್ರಕಟವಾಗುವುದು ಲೋಹದ ಕೆಲಸದಲ್ಲಿ, ರತ್ನ ಕೂರಿಸುವುದರಲ್ಲಿ, ಮರದ ಕೆತ್ತನೆಯಲ್ಲಿ. ಅವನೊಬ್ಬನೇ ಅಲ್ಲ, ಒಹೋಲಿಯಾಬನೂ ಇತರ ಕುಶಲಿಗಳೂ ಜೊತೆಗಿದ್ದಾರೆ. ಇನ್ನೊಬ್ಬರಿಗೆ ಕಲಿಸುವ ಸಾಮರ್ಥ್ಯವನ್ನೂ ದೇವರು ಅವರಿಗೆ ಕೊಟ್ಟರೆಂಬ 35:34ರ ಮಾತನ್ನು ನಾವು ಹೆಚ್ಚಾಗಿ ದಾಟಿಹೋಗುತ್ತೇವೆ. ಕುಶಲಕಲೆಯನ್ನು ಮುಂದಿನವರಿಗೆ ಕೊಡುವುದೂ ಪವಿತ್ರಾತ್ಮರ ವರವಾದರೆ, ಆ ಕೊಡುಕೊಳ್ಳುವಿಕೆಯನ್ನು ಕಡಿದುಹಾಕುವುದು ಆತ್ಮಿಕ ಹಾನಿಯೇ ಸರಿ. ಇನ್ನು, ನಜರೇತಿನ ಜನರು ಪ್ರಭು ಯೇಸುವನ್ನು ಗುರುತಿಸಿದ್ದು ಬಡಗಿಯೆಂದೇ (ಮಾರ್ಕ 6:3).

5. ಧರ್ಮಸಭೆಯ ಬೋಧನೆಯಲ್ಲಿ

ಮನುಷ್ಯನು ದುಡಿಯುವಾಗ ವಸ್ತುಗಳನ್ನೂ ಸಮಾಜವನ್ನೂ ಬದಲಿಸುವುದಷ್ಟೇ ಅಲ್ಲ, ತನ್ನನ್ನೂ ಬೆಳೆಸಿಕೊಳ್ಳುತ್ತಾನೆ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ‘ಗೌದಿಯುಮ್ ಎತ್ ಸ್ಪೆಸ್’ ಸಂವಿಧಾನದ 35ನೆಯ ಪರಿಚ್ಛೇದದಲ್ಲಿ ಬೋಧಿಸಿತು. ಸಂತ ಎರಡನೆಯ ಜಾನ್ ಪಾಲ್ ಜಗದ್ಗುರುಗಳು 1981ರ ‘ಲಬೋರೆಮ್ ಎಕ್ಸೆರ್ಚೆನ್ಸ್’ ವಿಶ್ವಪತ್ರದಲ್ಲಿ ಶ್ರಮದ ಎರಡು ಆಯಾಮಗಳನ್ನು ಬೇರ್ಪಡಿಸಿ ತೋರಿಸಿದರು: ತಯಾರಾಗುವ ವಸ್ತು ಒಂದು, ದುಡಿಯುವ ವ್ಯಕ್ತಿ ಇನ್ನೊಂದು, ಶ್ರಮದ ಘನತೆಗೆ ಮೂಲ ಎರಡನೆಯದು. ದೋಣಿಯ ಕೆಲಸದಲ್ಲಿ ಈ ಬೋಧನೆ ಕಣ್ಣಿಗೆ ಕಾಣುವಂತಿದೆ. ಇಂದು ಯಂತ್ರದೋಣಿಗಳು ಅಗ್ಗವಾಗಿ ಸಿಗುತ್ತವೆ. ಸಾರಿಗೆಗಾಗಿ ಯಾರೂ ಮರ ಕೆತ್ತಬೇಕಾಗಿಲ್ಲ. ಕೆತ್ತುವವರು ಆ ಮೂಲಕ ಮತ್ತೆ ಒಂದು ಜನವಾಗುತ್ತಾರೆ, ಆದುದರಿಂದ ಕೆತ್ತುತ್ತಾರೆ. ಅಷ್ಟಾದರೂ ವಸ್ತು ಗೌಣವಲ್ಲ. ದೋಣಿ ನಿಜವಾಗಿಯೂ ತೇಲಬೇಕು, ಜನರನ್ನು ಅಲೆಗಳ ಮೇಲೆ ಹೊರಬೇಕು. ತೇಲದ ದೋಣಿಯನ್ನು ಕೆತ್ತಿದವನಿಗೆ ಪ್ರಶಸ್ತಿಪತ್ರ ಕೊಡಬಹುದು, ಸ್ಥಾನ ಕೊಡಲಾಗದು.

ಸಂಸ್ಕೃತಿಗಳೊಡನೆ ಶುಭಸಂದೇಶದ ಸಂಬಂಧವನ್ನು ಕುರಿತು ಜಗದ್ಗುರು ಫ್ರಾನ್ಸಿಸ್ 2020ರ ‘ಕೆರಿದಾ ಅಮಜೋನಿಯಾ’ ಪತ್ರದಲ್ಲಿ ಎಚ್ಚರಿಸಿದರು: ಜನರ ಜೀವನದಿಂದ ತಾನಾಗಿ ಮೂಡಿದ ಧಾರ್ಮಿಕ ಆಚರಣೆಗಳನ್ನು ಮೂಢನಂಬಿಕೆಯೆಂದು ಅವಸರದಲ್ಲಿ ಕರೆಯಬಾರದು (78), ಮೂಲನಿವಾಸಿಗಳ ಸಂಕೇತವೊಂದನ್ನು ಗೌರವಿಸುವುದು ವಿಗ್ರಹಾರಾಧನೆಯೇ ಆಗಬೇಕಾಗಿಲ್ಲ (79). ಈ ಎಚ್ಚರಿಕೆಯ ಹಿಂದೆ ದೀರ್ಘವಾದ ಪಶ್ಚಾತ್ತಾಪದ ಇತಿಹಾಸವಿದೆ. 1987ರ ನವೆಂಬರಿನಲ್ಲಿ ಸಿಯಾಟಲ್ ಮಹಾಧರ್ಮಾಧ್ಯಕ್ಷ ರೇಮಂಡ್ ಹಂಟ್‌ಹೌಸನ್ ಹಾಗೂ ವಾಯವ್ಯ ಅಮೆರಿಕದ ಹಲವು ಕ್ರೈಸ್ತಸಭೆಗಳ ನಾಯಕರು ಒಂದು ಬಹಿರಂಗ ಘೋಷಣೆಗೆ ಸಹಿ ಹಾಕಿದರು. ಮೂಲನಿವಾಸಿಗಳ ಆಧ್ಯಾತ್ಮಿಕ ಪರಂಪರೆಯನ್ನು ನಾಶಮಾಡುವುದರಲ್ಲಿ ತಮ್ಮ ಸಭೆಗಳು ಬಹುಕಾಲ ಪಾಲ್ಗೊಂಡಿದ್ದಕ್ಕೆ ಅವರು ಅದರಲ್ಲಿ ಕ್ಷಮೆ ಯಾಚಿಸಿದರು. 2022ರ ಜುಲೈ 25ರಂದು ಜಗದ್ಗುರು ಫ್ರಾನ್ಸಿಸ್ ಕೆನಡಾದ ಮಾಸ್ಕ್‌ವಾಚೀಸ್‌ನಲ್ಲಿ, ವಸತಿ ಶಾಲೆಯಿದ್ದ ನೆಲದ ಸಮೀಪದಲ್ಲಿಯೇ ಕ್ಷಮೆ ಕೇಳಿದರು. 2023ರ ಮಾರ್ಚ್ 30ರಂದು ವ್ಯಾಟಿಕನ್, ವಸಾಹತುಶಾಹಿಯು ಆಧಾರವಾಗಿ ಬಳಸಿದ ‘ಶೋಧನೆಯ ಸಿದ್ಧಾಂತ’ವನ್ನು ತಿರಸ್ಕರಿಸುವ ಹೇಳಿಕೆಯನ್ನು ಪ್ರಕಟಿಸಿತು.

ಪಶ್ಚಾತ್ತಾಪದ ಸಂಸ್ಕಾರದಲ್ಲಿ ಪಾಪನಿವೇದನೆಯ ಬಳಿಕ ಪ್ರಾಯಶ್ಚಿತ್ತವಿರುವುದನ್ನು ನಾವು ಬಲ್ಲೆವು. ಕ್ಷಮೆ ಕೇಳಿದ ಮೇಲೆ ಧರ್ಮಸಭೆ ಮಾಡಬೇಕಾದುದೇನು? ದೋಣಿಯ ಶಿಷ್ಟಾಚಾರವೇ ಒಂದು ಉತ್ತರ ಕೊಡುತ್ತದೆ: ನೀರಿನ ಮೇಲೆ ನಿಂತು, ತಾನು ಯಾರು, ಎಲ್ಲಿಂದ ಬಂದೆ ಎಂದು ಸತ್ಯವಾಗಿ ಹೇಳಿ, ಇಳಿಯಲು ಅಪ್ಪಣೆ ಕೇಳುವುದು. ಪ್ರಭು ಎಪ್ಪತ್ತೆರಡು ಮಂದಿಯನ್ನು ಕಳುಹಿಸಿದಾಗಲೂ ಮೊದಲು ಶಾಂತಿಯನ್ನು ಕೋರಿ, ಕೊಟ್ಟದ್ದನ್ನು ಉಂಡು, ಅತಿಥಿಗಳಾಗಿ ಇರಲು ಹೇಳಿದರು (ಲೂಕ 10:5-8). ಪ್ರೇಷಿತಕಾರ್ಯದ ಮೊದಲ ಪಾಠ ಅತಿಥಿಯ ವಿನಯ.

6. ಮೂರು ಎಚ್ಚರಿಕೆಗಳು

ಮೊದಲನೆಯದಾಗಿ, ಈ ಅನುಭವವನ್ನು ಎರವಲು ತಂದು ನಮ್ಮ ಧ್ಯಾನಕೂಟಗಳ ಅಲಂಕಾರವನ್ನಾಗಿ ಮಾಡಿಕೊಳ್ಳಬಾರದು. ಹೈಡಾ ದೋಣಿ ಹೈಡಾ ಜನರದು. ಅದರ ಹಾಡು, ಹೆಸರು, ಚಿಹ್ನೆಗಳಿಗೆ ಹಕ್ಕುದಾರರಿದ್ದಾರೆ. ನಾವು ಕಲಿಯಬಹುದಾದುದು ಅದರ ಒಳಗಿನ ಕ್ರಮವನ್ನು.

ಎರಡನೆಯದಾಗಿ, ಗತಕಾಲವನ್ನು ವೈಭವೀಕರಿಸಬಾರದು. ವಾಣಿಜ್ಯದ ಕಡಿತದಿಂದ ಹಳೆಯ ದೊಡ್ಡ ಸೀಡರ್ ಮರಗಳು ಅಪರೂಪವಾಗಿವೆ. ಇಂದು ಅನೇಕ ದೋಣಿ ಕುಟುಂಬಗಳು ಸೀಡರ್ ಪಟ್ಟಿಗಳನ್ನು ಜೋಡಿಸಿದ ಅಥವಾ ಫೈಬರ್‌ಗ್ಲಾಸಿನ ದೋಣಿಗಳಲ್ಲಿಯೂ ಯಾನ ಮಾಡುತ್ತವೆ. ಸ್ಥಾನ, ಶಿಷ್ಟಾಚಾರ, ಜೊತೆಗಿನ ಶ್ರಮ ಇವು ಉಳಿದಿರುವಲ್ಲಿ ಪರಂಪರೆ ಉಳಿದಿದೆ.

ಮೂರನೆಯದಾಗಿ, ಸಾಮೂಹಿಕ ಶ್ರಮವನ್ನು ಸಂಸ್ಕಾರಗಳ ಸ್ಥಾನದಲ್ಲಿ ಇಡುವಂತಿಲ್ಲ. ಅದು ಕೃಪೆಯನ್ನು ಸ್ವೀಕರಿಸಲು ಮನುಷ್ಯನನ್ನು ಅಣಿಗೊಳಿಸುತ್ತದೆ. ಕೃಪೆಯ ಮೂಲ ಕ್ರಿಸ್ತನೇ. ಆದರೆ ಒಂದೇ ದೇಹದಲ್ಲಿ ಅಂಗಗಳು ಹಲವು, ದುರ್ಬಲವೆಂದು ಕಾಣುವ ಅಂಗವೂ ಅತ್ಯವಶ್ಯ ಎಂಬ ಸಂತ ಪೌಲನ ಬೋಧನೆಯನ್ನು (1 ಕೊರಿಂಥ 12:12-26) ಕೇಳುವ ಯುವಕನಿಗೆ, ತಾನು ಅವಶ್ಯವಾದ ಒಂದು ಗಳಿಗೆಯ ಅನುಭವವಾದರೂ ಇಲ್ಲದಿದ್ದರೆ, ಆ ಬೋಧನೆ ಬರಿಯ ಶಬ್ದವಾಗಿ ಕೇಳಿಸುತ್ತದೆ.

7. ನಮ್ಮ ಧರ್ಮಕೇಂದ್ರಗಳಿಗೆ

ಕರ್ನಾಟಕದ ಕರಾವಳಿಗೂ ಇಂತಹ ಒಂದು ನೆನಪಿದೆ. ರಂಪಣಿ ಬಲೆಯನ್ನು ದೋಣಿಯಲ್ಲಿ ಕೊಂಡೊಯ್ದು ಸಮುದ್ರದಲ್ಲಿ ಹರಡಿ, ದಡದಲ್ಲಿ ಹತ್ತಾರು ಜನ ಸಾಲಾಗಿ ನಿಂತು ಎಳೆಯುತ್ತಿದ್ದರು. ಎಳೆದವರಿಗೆಲ್ಲ ಮೀನಿನಲ್ಲಿ ಪಾಲಿತ್ತು. 1970ರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಂದ ಮೇಲೆ ಈ ಪದ್ಧತಿ ಕುಸಿಯಿತು. ಹಳೆಯದನ್ನು ಮರಳಿ ತರುವುದು ಇಲ್ಲಿಯ ಸೂಚನೆಯಲ್ಲ. ಹಗ್ಗದ ಸಾಲಿನಲ್ಲಿ ಎಲ್ಲರಿಗೂ ಇದ್ದ ಜಾಗ ಈಗ ಎಲ್ಲಿದೆ ಎಂದು ಕೇಳುವ ಹೊಣೆ ಧರ್ಮಕೇಂದ್ರದ ಗುರುವಿನ ಮೇಲಿದೆ. ಹಾಗೆಯೇ ಉತ್ತರ ಕನ್ನಡದ ಸಿದ್ದಿ ಸಮುದಾಯದಲ್ಲಿ ಅನೇಕ ಕಥೋಲಿಕ ಕುಟುಂಬಗಳಿವೆ. ಅವರ ಡಮಾಮಿಯನ್ನು ಕಾರ್ಯಕ್ರಮದ ಸ್ವಾಗತಕ್ಕೆ ಬಾರಿಸಲು ಕರೆಯುವುದು ಸುಲಭ. ಅದನ್ನು ಬಲ್ಲ ಹಿರಿಯರ ಬಳಿ ಕುಳಿತು ಕಲಿಯಲು ಅಪ್ಪಣೆ ಕೇಳುವುದು ಬೇರೆಯೇ ಕೆಲಸ.

ಗುರುವಿದ್ಯಾರ್ಥಿಗಳ ತರಬೇತಿಯಲ್ಲಿಯೂ ಇದಕ್ಕೆ ಎಡೆಯಿದೆ. ನಮ್ಮ ವೇಳಾಪಟ್ಟಿಗಳಲ್ಲಿ ಕೈಗೆಲಸದ ಒಂದು ಗಂಟೆ ಇರುತ್ತದೆ. ಅದು ಅಧ್ಯಯನದ ನಡುವಿನ ವ್ಯಾಯಾಮವಾಗಿಯೋ ಶಿಸ್ತಾಗಿಯೋ ಕಳೆದುಹೋಗುತ್ತದೆ. ರಜೆಯಲ್ಲಿ ಊರಿಗೆ ಹೋದ ವಿದ್ಯಾರ್ಥಿಯು ಬಡಗಿಯ, ಮೀನುಗಾರನ, ಕುಂಬಾರನ ಬಳಿ ಕೆಲವು ವಾರ ಶಿಷ್ಯನಾಗಿದ್ದು, ತನ್ನ ತಪ್ಪುಗಳನ್ನು ಇನ್ನೊಬ್ಬರ ಕೈ ತಿದ್ದುವುದನ್ನು ಅನುಭವಿಸಿದರೆ, ಮುಂದೆ ಧರ್ಮಕೇಂದ್ರದಲ್ಲಿ ಅವನು ಜನರನ್ನು ಕರೆಯುವ ರೀತಿಯೇ ಬದಲಾಗಬಹುದು. ಯುವಜನರ ಸಂಘಕ್ಕೆ ಅವನು ಭಾಷಣದ ವಿಷಯವನ್ನಷ್ಟೇ ಹುಡುಕುವುದಿಲ್ಲ; ಅವರಿಲ್ಲದೆ ಪೂರ್ತಿಯಾಗದ ಕೆಲಸವನ್ನು ಹುಡುಕುತ್ತಾನೆ. ಅಂತಹ ಕೆಲಸಕ್ಕೆ ಮೂರು ಲಕ್ಷಣಗಳಿರಬೇಕು: ಅದು ಯಾರಿಗಾದರೂ ನಿಜವಾಗಿ ಬೇಕಾಗಿರಬೇಕು, ಬಲ್ಲ ಹಿರಿಯರು ಅದರಲ್ಲಿ ಕಲಿಸುವವರಾಗಿರಬೇಕು, ಏನೂ ಬಾರದವನಿಗೂ ಮೊದಲ ದಿನವೇ ಹಿಡಿಯಲು ಏನಾದರೊಂದು ಇರಬೇಕು.

ಸಾಮತಿಯ ಯಜಮಾನನು ಸಂಜೆಯ ಹೊತ್ತಿಗೆ ಕರೆದವರಿಗೆ ದೊರೆತದ್ದು ಒಂದೇ ಗಂಟೆಯ ಕೆಲಸ. ಆ ಕರೆಯ ಹಿಂದೆ ಅವನು ಒಂದೇ ದಿನದಲ್ಲಿ ಐದು ಬಾರಿ ಬೀದಿಗೆ ಹೋಗಿ ಬಂದ ನಡಿಗೆಯಿದೆ. ಯಾಜಕತ್ವದ ಒಂದು ಪಾಲು ಆ ನಡಿಗೆಯೇ ಆಗಿದೆ: ಯಾರು ಇನ್ನೂ ಕರೆಯಲ್ಪಡದೆ ನಿಂತಿದ್ದಾರೆಂದು ನೋಡುವುದು, ಅವರಿಗೆಂದು ಒಂದು ಸ್ಥಾನವನ್ನು ತೆರವಾಗಿಡುವುದು, ಹೊತ್ತು ಮೀರಿತೆಂದು ನಾವು ಭಾವಿಸಿದಾಗಲೂ ಮತ್ತೊಮ್ಮೆ ಹೋಗುವುದು.